ಟೋಪಿಗಿಂತ ಜಾಕೆಟ್ ಕಥೆ ಚೆನ್ನಾಗಿದೆ

ಜರ್ಮನ್ ರಾಕ್ ಗಾಯಕ ಉಡೋ ಲಿಂಡೆನ್‌ಬರ್ಗ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ಖುಷಿಯಾಯಿತು. ಆದರೆ ಅರ್ಧ ಲೇಖನ ಅವರ ಟೋಪಿ, ಕಪ್ಪು ಕನ್ನಡಕ, ಹ್ಯಾಂಬರ್ಗ್‌ನ ಹೋಟೆಲ್ ವಾಸದಲ್ಲೇ ಮುಗಿದುಹೋಗಿದೆ. ಅಸಲಿ ಮಜಾ ಇರುವುದು ಆಗ ಬೇರೆಯೇ ದೇಶವಾಗಿದ್ದ, ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಕಥೆಯಲ್ಲಿ ಅಲ್ವಾ?

ಪಶ್ಚಿಮ ಜರ್ಮನಿಯವರಾದ ಉಡೋ, ಅಲ್ಲಿ ಹಾಡಲು ಬಿಡಿ ಎಂದು ಕೇಳಿ ಕೇಳಿ ಸಾಕಾಗಿ, 1983ರಲ್ಲಿ ಅಲ್ಲಿನ ನಾಯಕ ಹೊನೆಕರ್ ಅವರನ್ನೇ ಗೇಲಿ ಮಾಡುವ ಹಾಡು ಬರೆದರು. ಅದೇ ಅಕ್ಟೋಬರ್‌ನಲ್ಲಿ ಪೂರ್ವ ಬರ್ಲಿನ್‌ನಲ್ಲಿ ಹಾಡುವ ಅವಕಾಶವೂ ಸಿಕ್ಕಿತು. ಸಭಾಂಗಣದ ಒಳಗೆ ಯಾರು? ಅಲ್ಲಿನ ಸರ್ಕಾರಿ ಯುವ ಸಂಘದಿಂದ ಆರಿಸಿ ಕೂರಿಸಿದ ಶಿಸ್ತಿನ ಹುಡುಗ ಹುಡುಗಿಯರು. ನಿಜವಾದ ಅಭಿಮಾನಿಗಳು ಬಾಗಿಲಾಚೆ! ಮುಂದಿನ ವರ್ಷ ಆಗಬೇಕಿದ್ದ ಟೂರ್ ಸುಮ್ನೆ ರದ್ದಾಯಿತು.

1987ರಲ್ಲಿ ಉಡೋ ಅದೇ ಹೊನೆಕರ್‌ಗೆ ಲೆದರ್ ಜಾಕೆಟ್ ಕಳಿಸಿದರು. ಆ ಕಡೆಯಿಂದ ಶಾಲ್ಮೈ ಎಂಬ ಊದುವ ವಾದ್ಯ ಬಂತು. ಪಶ್ಚಿಮ ಜರ್ಮನಿಯ ವುಪರ್ಟಾಲ್‌ನಲ್ಲಿ ಹೊನೆಕರ್ ಎದುರು ಸಿಕ್ಕಾಗ ಉಡೋ ಅವರ ಕೈಗೆ ಒಂದು ಗಿಟಾರನ್ನೂ ಇಟ್ಟರು. ಬಂದೂಕಿನ ಬದಲು ಗಿಟಾರ್ ಹಿಡಿಯಿರಿ ಎಂಬ ಅರ್ಥದ ಮಾತು ಅದರ ಮೇಲಿತ್ತು.

ಡ್ರಮ್ಮರ್ ಆಗಿ ಶುರು ಮಾಡಿದವರು, ಎಪ್ಪತ್ತರ ದಶಕದಲ್ಲಿ ಜರ್ಮನ್ ಭಾಷೆಯಲ್ಲೇ ರಾಕ್ ಹಾಡಿ ಗೆದ್ದವರು. ಆದರೂ ಅವರ ಆಲ್ಬಂ ಜರ್ಮನ್ ಹಾಡುಗಳ ಪಟ್ಟಿಯಲ್ಲಿ ಮೊದಲ ಬಾರಿಗೆ ನಂಬರ್ ಒನ್ ಆಗಿದ್ದು 2008ರಲ್ಲಿ. 2023ರಲ್ಲಿ ರ‍್ಯಾಪರ್ ಅಪಾಚೆ 207 ಜತೆ ಹಾಡಿದ ಹಾಡೂ ನಂಬರ್ ಒನ್. ಆಗ ಅವರಿಗೆ 76! ಇದನ್ನೂ ಒಂದು ಸಾಲು ಸೇರಿಸಿ.