ಎಲೆ ಮಗುಚಿ ನೋಡ್ರಪ್ಪಾ!

ಇವತ್ತು ನರ್ಸರಿಯಲ್ಲಿ ಒಬ್ಬರು ಅಜ್ಜಿ ಮೆಣಸಿನಕಾಯಿ ಸಸಿಯ ಕುಡಿ ಚಿವುಟಿ ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅಂಗಡಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮುಟುರು ರೋಗ, ಇದನ್ನ ಹೊಡೀರಿ" ಅಂತ ಬಾಟಲಿ ಮುಂದೆ ಇಟ್ಟ. ಇಮಿಡಾಕ್ಲೋಪ್ರಿಡ್, ರಸ ಹೀರುವ ಕೀಟಗಳಿಗೆ ಹೊಡೆಯುವ ಔಷಧಿ! ಕರ್ಚೀಫು ಬಿಚ್ಚಿಯೂ ನೋಡಲಿಲ್ಲ ಮಹಾರಾಯ.

ನನ್ನ ಬಾಯಿ ಸುಮ್ನಿರುತ್ತಾ? ಬಿಚ್ಚಿಸಿ ನೋಡಿದೆ. ಮೆಣಸಿನ ಎಲೆಯ ಅಂಚು ದೋಣಿ ಥರ ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಮಡಚಿ, ಎಲೆ ಸಣ್ಣದಾಗಿ, ತೊಟ್ಟು ಮಾತ್ರ ಉದ್ದ ಆಗಿದ್ದರೆ ಹಳದಿ ನುಸಿ. ಅಜ್ಜಿಯದು ಕೆಳಕ್ಕೇ ಮಡಚಿತ್ತು. ನುಸಿ ಕೀಟವೇ ಅಲ್ಲ, ಎಂಟು ಕಾಲಿನ ಜೇಡನ ಬಳಗ. ಆ ಬಾಟಲಿಯಿಂದ ಅದರ ಕೂದಲೂ ಕೊಂಕುವುದಿಲ್ಲ. ಮೇಲಿಂದ ನುಸಿ ತಿನ್ನುವ ಒಳ್ಳೆ ಹುಳಗಳಿಗೇ ಅಪಾಯ.

"ದಿನಕ್ಕೆ ನೂರು ಜನ ಬರ್ತಾರೆ ಮೇಡಂ, ಎಲ್ಲರ ಎಲೆ ನೋಡ್ತಾ ಕೂರಕ್ಕಾಗುತ್ತಾ?" ಅಂದ. ಪಾಪ, ಇರಬಹುದು. ನೋಟು ಮಾತ್ರ ಎರಡೆರಡು ಸಲ ಎಣಿಸಿದ.

ನನ್ನ ಹತ್ತಿರ ಅಕ್ಕಸಾಲಿಗರ ಲೆನ್ಸ್ ಇರುವುದು, ಅದನ್ನು ನೋಡಿ ಮನೆಯವರು ನಗುವುದು ನಿಮಗೆಲ್ಲ ಗೊತ್ತೇ ಇದೆ. ಹಳದಿ ನುಸಿ ಮಿಲಿಮೀಟರಿನ ಐದನೇ ಒಂದು ಭಾಗ ಇದ್ದರೆ ಹೆಚ್ಚು. ಎಳೆ ಎಲೆಯ ಅಡಿಯಲ್ಲಿ ಬಿಳಿ ಚುಕ್ಕಿ ಚುಕ್ಕಿಯ ಮೊಟ್ಟೆ. ಇನ್ನೂ ಬಲಿಯದ ಹೆಣ್ಣನ್ನು ಗಂಡು ಹೊತ್ತುಕೊಂಡು ಹೊಸ ಚಿಗುರಿಗೆ ಸಾಗಿಸುತ್ತದೆ! ನಿಜ ಹೇಳ್ತೀನಿ, ಅದನ್ನು ನೋಡಿದಾಗ ಸಾಯಿಸಲು ಮನಸ್ಸೇ ಬರಲಿಲ್ಲ. ಆಮೇಲೆ ಸಸಿಯ ಕಡೆ ನೋಡಿದೆ, ಮನಸ್ಸು ಬಂತು.

ಮುದುರಿದ ಕುಡಿ ಚಿವುಟಿ ಕವರಿಗೆ ಹಾಕಿ. ಪಕ್ಕದ ಕುಂಡಕ್ಕೆ ಎಸೆಯಬೇಡಿ. ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಲೀಟರಿಗೆ 2ರಿಂದ 3 ಗ್ರಾಂ, ಸಂಜೆ ಹೊತ್ತು, ಎಲೆಯ ಅಡಿಗೆ. ಹೌದು, ಅಡಿಗೆ! ಮೇಲಿಂದ ಅಭಿಷೇಕ ಮಾಡಿದರೆ ಏನು ಬಂತು? ಮೊಟ್ಟೆಯಿಂದ ಮೊಟ್ಟೆಗೆ ಅದಕ್ಕೆ ಒಂದು ವಾರ ಸಾಕು, ಹಾಗಾಗಿ ಇನ್ನೊಂದು ಸಲ ಹೊಡೆಯಲೇಬೇಕು. ಉರಿ ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ.

ಬದನೆ, ಬೀನ್ಸ್ ಸಸಿಗೆ ಬೇಸಿಗೆಯಲ್ಲಿ ಬರುವ ಕೆಂಪು ಜೇಡನುಸಿ ಬೇರೆ. ಎಲೆ ತುಂಬ ಬಿಳಿ ಚುಕ್ಕಿ, ಅಡಿಯಲ್ಲಿ ಸಣ್ಣ ಬಲೆ. ಶುರುವಿನಲ್ಲೇ ಸಿಕ್ಕಿದರೆ ದಿನಾ ಪೈಪಿನಿಂದ ಅಡಿಭಾಗಕ್ಕೆ ಜೋರಾಗಿ ನೀರು ಬಿಟ್ಟರೆ ಎಷ್ಟೋ ಹತೋಟಿಗೆ ಬರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪೂ ಇವೆ.

ಈಗ ಕಾಮೆಂಟಿಗೆ ಬರುತ್ತಾರೆ ನೋಡಿ, "ಗಂಧಕ ಕೆಮಿಕಲ್ ಅಲ್ವಾ ಅಕ್ಕಾ, ಹುಳಿ ಮಜ್ಜಿಗೆ ಸಾಕು". ಸಾವಯವ ಕೃಷಿಯಲ್ಲೂ ಗಂಧಕಕ್ಕೆ ಅನುಮತಿ ಇದೆ ಪುಣ್ಯಾತ್ಮರೇ. ಮಜ್ಜಿಗೆಯನ್ನು ನೀವೇ ಕುಡಿಯಿರಿ, ಬೇಸಿಗೆಗೆ ತಂಪು.

ಇನ್ನು ಇನ್‌ಬಾಕ್ಸಿಗೆ ಫೋಟೋ ಕಳಿಸುವವರು ಎಲೆಯ ಅಡಿಭಾಗದ್ದು ಕಳಿಸಿ. ಬರೀ ಮೇಲ್ಗಡೆಯದ್ದು ಕಳಿಸಿ "ಇದಕ್ಕೇನು ಔಷಧಿ?" ಅಂದವರಿಗೆ ಉತ್ತರ ಕೊಡುವುದಿಲ್ಲ. ನಾದಿನಿಯಾದರೂ ಅಷ್ಟೇ.