ಮೊದಲ ನಟಿಗೆ ಮೀಸೆ ಇತ್ತು

ರಶ್ಮಿಕಾ ಮಂದಣ್ಣ ಸಂದರ್ಶನದಲ್ಲಿ ಹೇಳಿದ ಮಾತು ನಿಮಗೆ ಗೊತ್ತೇ ಇದೆ. ಕೊಡವರಲ್ಲಿ ಸಿನಿಮಾಕ್ಕೆ ಬಂದ ಮೊದಲಿಗಳು ಬಹುಶಃ ತಾನೇ ಅಂದುಬಿಟ್ಟರು. 2025ರ ಜುಲೈ ಅದು. ಕೊಡಗಿನ ಜುಲೈ ಅಂದರೆ ಗೊತ್ತಲ್ಲ, ಬಿಡದ ಮಳೆ, ಬಿದ್ದ ಮರ, ಹೋದ ಕರೆಂಟು, ಬಾರದ ಲೈನ್‌ಮನ್. ಪಕ್ಕದ ಮನೆಯಲ್ಲಿ ಯಾರಾದರೂ ತೀರಿಕೊಂಡರೂ ಸುದ್ದಿ ಮುಟ್ಟಿಸೋಕೆ ಆಳು ಕಳಿಸಬೇಕು. ಆದರೆ ಆ ವಾರ ಮಾತ್ರ ಎಲ್ಲಿಂದಲೋ ಎಲ್ಲರಿಗೂ ನೆಟ್‌ವರ್ಕ್ ಸಿಕ್ಕಿಬಿಟ್ಟಿತು. ಸೋಮವಾರಪೇಟೆಯಿಂದ ಕುಟ್ಟದವರೆಗೆ ಜನ ಕೊಡೆ ಹಿಡಿದು ಗುಡ್ಡ ಹತ್ತಿದರು, ಎರಡು ಕಡ್ಡಿ ಸಿಗ್ನಲ್ ಹುಡುಕಿದರು, ‘ಹಾಗಾದ್ರೆ ಪ್ರೇಮಾ ಯಾರು?’ ಅಂತ ಟೈಪ್ ಮಾಡಿ ಕೆಳಗಿಳಿದರು.

ಪ್ರಶ್ನೆ ನ್ಯಾಯವಾದದ್ದೇ. ಪ್ರೇಮಾ ಕೂಡ ಕೊಡವರೇ, ಅವರು ನಾಯಕಿಯಾದ ‘ಓಂ’ ಬಂದದ್ದು 1995ರಲ್ಲಿ, ರಶ್ಮಿಕಾ ಹುಟ್ಟಿದ್ದು 1996ರಲ್ಲಿ. ಪಾಪ, ಹುಟ್ಟುವ ಮೊದಲಿನ ಸಿನಿಮಾ ಎಲ್ಲಾ ಯಾರು ನೆನಪಿಟ್ಟುಕೊಳ್ಳುತ್ತಾರೆ. ಪ್ರೇಮಾ ಅವರನ್ನೇ ಪತ್ರಕರ್ತರು ಕೇಳಿದರೆ ಅವರು ಕಿತ್ತಾಡೋಕೆ ಹೋಗಲಿಲ್ಲ, ನನಗಿಂತ ಮೊದಲು ಶಶಿಕಲಾ ಅಂತ ಇದ್ದರು ಅಂದು ಸುಮ್ಮನಾದರು. ಮಾತು ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ನಮ್ಮಲ್ಲಿ ಮಾತು ಮುಗಿದ ಮೇಲೆಯೇ ಶುರುವಾಗುವುದು. ಯಾವ ಒಕ್ಕ, ಅಂದರೆ ಯಾವ ಮನೆತನ? ತಾಯಿ ಕಡೆಯಿಂದ ಯಾರು? ಬೆಂಗಳೂರಿನಲ್ಲಿ ಬೆಳೆದವರನ್ನು ಲೆಕ್ಕಕ್ಕೆ ಹಿಡಿಯಬೇಕಾ, ಬಿಡಬೇಕಾ? ನಡುವೆ ಒಬ್ಬರು ‘ಕೊಡಗು ಅಂದ್ರೆ ಬರೀ ಕೊಡವರಾ, ಅರೆಭಾಷೆ ಮಾತಾಡೋ ಗೌಡರು ಯಾರೂ ಆ್ಯಕ್ಟ್ ಮಾಡೇ ಇಲ್ವಾ?’ ಅಂತ ಕೇಳಿದರು. ಅದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಅದಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

2024ರಲ್ಲಿ ನಾಪೋಕ್ಲಿನಲ್ಲಿ 360 ಒಕ್ಕಗಳು ಹಾಕಿ ಪಂದ್ಯಾವಳಿ ಆಡಿ ಗಿನ್ನೆಸ್ ಪುಸ್ತಕ ಸೇರಿದವು. ನಟಿಯರ ವಿಷಯಕ್ಕೂ ಹಾಗೇ ಒಂದು ನಾಕೌಟ್ ಇಟ್ಟುಬಿಟ್ಟಿದ್ದರೆ ಟೈಬ್ರೇಕರ್‌ನಲ್ಲಾದರೂ ತೀರ್ಮಾನ ಆಗುತ್ತಿತ್ತು.

ತಪ್ಪು ಆ ಹುಡುಗಿಯದ್ದು ಅಂತ ನನಗೆ ಅನ್ನಿಸುವುದಿಲ್ಲ. ‘ಮೊದಲು’ ಅನ್ನುವುದು ನಮ್ಮ ನೀರಲ್ಲೇ ಇದೆ. ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕ 1949ರಲ್ಲಿ ನಮ್ಮ ಕಾರ್ಯಪ್ಪ. ಅದಾದ ಮೇಲೆ ಎರಡನೆಯವರಾಗಿ ಬದುಕುವುದು ಹೇಗೆ ಅಂತ ಈ ಜಿಲ್ಲೆಗೆ ಯಾರೂ ಹೇಳಿಕೊಡಲಿಲ್ಲ. ಮದುವೆ ಮನೆಗೆ ಹೋಗಿ ನೋಡಿ. ನಮ್ಮ ಊರಿಗೆ ಮೊದಲ ಜೀಪ್ ತಂದದ್ದು ನಮ್ಮಜ್ಜ, ಮೊದಲ ರೇಡಿಯೊ ನಮ್ಮ ಮನೆಯದ್ದು, ಮೊದಲ ಹೋಂಸ್ಟೇ ನಮ್ಮ ಬಾವನದ್ದು. ಮೊದಲು ಜಾಗ ಮಾರಿದವರು ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ಊಟಕ್ಕೆ ಏಳುತ್ತಾರೆ.

ಸರಿ, ಮೊದಲ ನಟಿಯನ್ನು ಹುಡುಕಲೇಬೇಕು ಅಂತಿದ್ದರೆ ನೆಟ್ಟಗೆ ಹುಡುಕೋಣ. ಸಿನಿಮಾಕ್ಕಿಂತ ಹಿಂದೆ ಹೋಗೋಣ. ಹರದಾಸ ಅಪ್ಪಚ್ಚಕವಿ 1906ರಲ್ಲೇ ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಯಯಾತಿ ರಾಜನ ನಾಟಕ ಬರೆದರು. ಯಯಾತಿ ಅಂದ ಮೇಲೆ ದೇವಯಾನಿ ಬೇಕು, ಶರ್ಮಿಷ್ಠೆ ಬೇಕು. ಆಗಿನ ಕಾಲಕ್ಕೆ ಹೆಣ್ಣಿನ ಪಾತ್ರ ಕಟ್ಟುತ್ತಿದ್ದವರು ಗಂಡಸರೇ. ಕೊಡಗಿನಲ್ಲಿ ಮಾತ್ರ ಬೇರೆ ಇತ್ತು ಅನ್ನೋಕೆ ಕಾರಣ ಇಲ್ಲ. ಅಂದರೆ ನಾವು ಇಷ್ಟು ದಿನ ಹುಡುಕುತ್ತಿರುವ ಕೊಡವರ ಮೊದಲ ನಟಿ, ಹಗಲು ಕೋವಿ ಹಿಡಿದು ಗದ್ದೆಗೆ ಬಂದ ಹಂದಿ ಓಡಿಸಿ, ಸಂಜೆ ಮೀಸೆ ಬೋಳಿಸಿಕೊಂಡು, ಹೆಂಡತಿಯ ಸೀರೆ ಕೇಳಿ ತಂದು, ಸೆರಗು ಹಿಂದಕ್ಕೆ ಕಟ್ಟಿಕೊಂಡು, ‘ಓ ರಾಜಾ’ ಅಂತ ಸಣ್ಣ ದನಿ ತೆಗೆದ ಯಾವುದೋ ಒಕ್ಕದ ಗಟ್ಟಿಮುಟ್ಟು ಯಜಮಾನ. ಅವರ ಮರಿಮಕ್ಕಳನ್ನು ಹುಡುಕಿ ಸನ್ಮಾನ ಮಾಡೋಣ ಅಂದರೆ ಬಹುಶಃ ಯಾರೂ ಮುಂದೆ ಬರುವುದಿಲ್ಲ.

ನಗಬೇಡಿ. ಇದರಲ್ಲೇ ಇಡೀ ಕತೆ ಇದೆ. ಹೆಣ್ಣಿನ ವೇಷ ಹಾಕಿದ ಗಂಡಸಿಗೆ ಕಲಾವಿದ ಅಂತ ಹೆಸರು. ನಾಟಕ ಕಂಪನಿಯಲ್ಲಿ ಅದೇ ಪಾತ್ರಕ್ಕೆ ಹೆಣ್ಣೇ ಬಂದು ನಿಂತಾಗ ‘ಕಂಪನಿ ಹೆಂಗಸು’. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು, ನಾಯಕಿ ತ್ರಿಪುರಾಂಬ. ಈಗ ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ಇಡೀ ಕನ್ನಡಕ್ಕೇ ಮೊದಲಾದ ನಾಯಕಿಯ ರೀಲು ಕಾಪಾಡಿಕೊಳ್ಳದ ನಾವು ಜಿಲ್ಲೆಗೆ ಮೊದಲು ಯಾರು, ಜಾತಿಗೆ ಮೊದಲು ಯಾರು ಅಂತ ಮಳೆಯಲ್ಲಿ ನಿಂತು ಟೈಪ್ ಮಾಡುತ್ತಿದ್ದೇವೆ.

ಆರ್. ನಾಗರತ್ನಮ್ಮ ಅಂತ ಒಬ್ಬರಿದ್ದರು. ಅವರು ಲೆಕ್ಕ ಉಲ್ಟಾ ಮಾಡಿದರು. 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣ, ದುರ್ಯೋಧನ, ಎಲ್ಲಾ ಅವರೇ. ಗದೆ ಹಿಡಿದು ಬಂದರೆ ಮುಂದಿನ ಸಾಲಿನ ಗಂಡಸರು ಕಾಲು ಮಡಚಿ ಕೂರುತ್ತಿದ್ದರಂತೆ. ಅವರು ಹುಟ್ಟಿದ್ದು 1926ರಲ್ಲಿ. ದೆಹಲಿಯ ಸರ್ಕಾರಕ್ಕೆ ಅವರ ವಿಳಾಸ ಸಿಕ್ಕಿ ಪದ್ಮಶ್ರೀ ಕೊಟ್ಟದ್ದು 2012ರಲ್ಲಿ. ಅದೇ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಸರ್ಕಾರದ ಸಮಯಪ್ರಜ್ಞೆಗೆ ಒಂದು ಪದ್ಮಭೂಷಣ ಕೊಡಬೇಕು.

ಕಂಸ ಅಂದಾಗ ಮಡಿಕೇರಿ ದಸರಾ ನೆನಪಾಯಿತು. ಮೆರವಣಿಗೆಗೆ ಹತ್ತು ಮಂಟಪ, ಅಂದರೆ ಹತ್ತು ಸ್ತಬ್ಧಚಿತ್ರ, ಹತ್ತು ರಾಕ್ಷಸ ಸಂಹಾರ. ಟ್ರ್ಯಾಕ್ಟರ್ ಮೇಲೆ ದೇವಿ, ಕೆಳಗೆ ಹೈಡ್ರಾಲಿಕ್, ಹಿಂದೆ ಜನರೇಟರ್. ರಾಕ್ಷಸ ಬಾಯಿ ತೆಗೆದರೆ ಹೊಗೆ ಬರುತ್ತದೆ, ದೇವಿ ಕೈ ಎತ್ತುತ್ತಾಳೆ, ಇಳಿಸುತ್ತಾಳೆ, ಮತ್ತೆ ಎತ್ತುತ್ತಾಳೆ. ಡಿಜೆ ಸದ್ದಿಗೆ ಎದೆಯ ಗೂಡು ನಡುಗುತ್ತದೆ. ನನಗೂ ಇಷ್ಟವೇ, ಬೆಳಗಿನ ಜಾವದವರೆಗೆ ನಿಂತು ನೋಡುವವನೇ. ಆದರೆ ಇಷ್ಟು ಲಕ್ಷ ಸುರಿದು ಕಬ್ಬಿಣದ ದೇವಿಯ ಕೈ ಮೇಲೆ ಕೆಳಗೆ ಮಾಡಿಸುವ ಊರಿಗೆ, ವೇದಿಕೆ ಮೇಲೆ ಒಬ್ಬ ಹೆಂಗಸು ಬರಿಗೈಯಲ್ಲಿ ನಿಂತು ಬರೀ ದನಿಯಲ್ಲಿ ರಾಕ್ಷಸನನ್ನು ಕೊಲ್ಲುತ್ತಿದ್ದಳು ಅಂತ ಹೇಳಿದರೆ ‘ಎಷ್ಟು ಎಚ್‌ಪಿ ಮೋಟಾರು?’ ಅಂತ ಕೇಳಬಹುದು.

ನಮ್ಮ ರಸ್ತೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಆ ವಾರ ಪ್ರೇಮಾ ಪರವಾಗಿ ರಾತ್ರಿ ಹಗಲು ಹೋರಾಡಿದವನು. ಅವನನ್ನು ಕೇಳಿದೆ, ಬಿ. ಜಯಶ್ರೀ ಗೊತ್ತಾ?

‘ಯಾವ ಸೀರಿಯಲ್ಲು?’

‘ಕಾರ್ ಕಾರ್’ ಹಾಡು ಗೊತ್ತಾ?

ಹುಡುಗ ಪೂರ್ತಿ ಹಾಡಿದ. ತಾಳ ಸಮೇತ. 2001ರ ಹಾಡು, ಅವನ ವಯಸ್ಸಿಗಿಂತ ಹಳೆಯದು, ಆದರೂ ಒಂದು ಸಾಲು ತಪ್ಪಲಿಲ್ಲ. ಅದನ್ನು ಹಾಡಿದ್ದು ಅವರೇ ಕಣೋ ಅಂದರೆ ಬಾಯಿ ತೆಗೆದು ನಿಂತ. ‘ಅದು ಹೆಂಗಸಾ?’

ಹೌದಪ್ಪ, ಹೆಂಗಸು. ನಾಟಕ ಕಂಪನಿಯ ಗುಬ್ಬಿ ವೀರಣ್ಣನವರ ಮೊಮ್ಮಗಳು. 1950ರಲ್ಲಿ ಹುಟ್ಟಿದವರು. ಬೇರೆ ಮಕ್ಕಳು ಅಂಗಳದಲ್ಲಿ ಆಡುವ ವಯಸ್ಸಿಗೆ ಇವರು ಕಂಪನಿಯ ಪರದೆ ಹಿಂದೆ ಬೆಳೆದರು. ಅಷ್ಟಕ್ಕೇ ನಿಲ್ಲಲಿಲ್ಲ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ 1973ರಲ್ಲಿ ಕಲಿತು ಹೊರಬಂದರು. ತಾತನ ಹೆಸರು ಹೇಳಿಕೊಂಡೇ ಜೀವನ ಸಾಗಿಸಬಹುದಿತ್ತು, ನಮ್ಮಲ್ಲಿ ತೋಟದ ಹೆಸರಲ್ಲಿ ಎಷ್ಟು ಜನ ಸಾಗಿಸುತ್ತಿಲ್ಲ. ಇವರು 1976ರಲ್ಲಿ ‘ಸ್ಪಂದನ’ ಕಟ್ಟಿ ‘ಲಕ್ಷಾಪತಿ ರಾಜನ ಕಥೆ’ಯಂಥ ನಾಟಕ ಮಾಡಿಸಿದರು, ಆಡಿದರು, ಹಾಡಿದರು. ಕಂಪನಿಯ ಗಂಟಲು ಮತ್ತು ದೆಹಲಿಯ ಶಿಸ್ತು ಎರಡೂ ಒಂದೇ ಮೈಯಲ್ಲಿ ಸೇರಿದರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ ‘ನಾಗಮಂಡಲ’ ಸಿನಿಮಾದ ಕುರುಡವ್ವನನ್ನು ನೋಡಿ. 1997ರದ್ದು. ಅವರು ಬಂದು ನಿಂತರೆ ಉಳಿದವರೆಲ್ಲ ಸ್ವಲ್ಪ ಹೊತ್ತು ಮಸುಕಾಗುತ್ತಾರೆ. ಜೊತೆಗೆ ಎಷ್ಟೋ ನಾಯಕಿಯರಿಗೆ ಡಬ್ಬಿಂಗ್ ದನಿ ಕೊಟ್ಟರು. ತೆರೆಯ ಮೇಲೆ ತುಟಿ ಒಬ್ಬರದ್ದು, ಕನ್ನಡ ಇವರದ್ದು. ಅಂದರೆ ಕರ್ನಾಟಕದ ಗಂಡಸರು ಯಾವ ದನಿಗೆ ಮನಸೋತು ಮನೆಗೆ ಬಂದು ನಿದ್ದೆ ಬಾರದೆ ಹೊರಳಾಡಿದರೋ, ಆ ದನಿ ಯಾರದ್ದು ಅಂತ ಅವರಿಗೇ ಗೊತ್ತಿರಲಿಲ್ಲ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ.

ಇಷ್ಟೂ ಕೇಳಿದ ಮೇಲೆ ಹುಡುಗ ಕೇಳಿದ ಪ್ರಶ್ನೆ, ‘ಇನ್‌ಸ್ಟಾದಲ್ಲಿ ಇದ್ದಾರಾ?’

ಅವನನ್ನು ಬೈದು ಪ್ರಯೋಜನ ಇಲ್ಲ. ದೊಡ್ಡವರು ಏನು ಕಡಿಮೆ? ಹಿಂದೊಮ್ಮೆ ಇಲ್ಲೇ ಒಂದು ಸಂಘದವರು ಕಂಪನಿ ನಾಟಕದ ಹಿರಿಯ ನಟಿಯೊಬ್ಬರನ್ನು ಕರೆಸಿ ಸನ್ಮಾನ ಮಾಡಿದರು. ಹೆಸರು ಬೇಡ. ಬಹಳ ಭರ್ಜರಿ ಸನ್ಮಾನ, ನಿಜಕ್ಕೂ ಮೆಚ್ಚಬೇಕು. ಫ್ಲೆಕ್ಸ್‌ನಲ್ಲಿ ಅವರ ಮುಖ ಅಂಚೆಚೀಟಿಯಷ್ಟಿತ್ತು, ಪ್ರಾಯೋಜಕರದ್ದು ಬಾಗಿಲಿನಷ್ಟಿತ್ತು. ಹತ್ತು ಗಂಟೆ ಅಂತ ಕರೆದು ಮುಖ್ಯ ಅತಿಥಿ ಬರುವವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಶಾಲು, ಅದರ ಮೇಲೆ ಇನ್ನೊಂದು ಶಾಲು, ಅದರ ಮೇಲೆ ಗಂಧದ ಹಾರ, ತಲೆಗೆ ಮೈಸೂರು ಪೇಟ. ಪೇಟ ದೊಡ್ಡದಾಗಿ ಕನ್ನಡಕದ ಮೇಲೆ ಇಳಿಯಿತು. ಅವರು ಒಂದು ಕೈಯಲ್ಲಿ ಪೇಟ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು, ಫೋಟೊ ತೆಗೆಯುವವನು ‘ಅಮ್ಮಾ ಈ ಕಡೆ’ ಅಂದ ಕಡೆಗೆಲ್ಲ ತಿರುಗುತ್ತಿದ್ದರು. ನಿರೂಪಕಿ ಅವರ ಹುಟ್ಟೂರು ತಪ್ಪು ಓದಿದಳು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು, ಅದರಲ್ಲಿ ನಾಟಕದ ಬಗ್ಗೆ ಒಂದೇ ಮಾತು, ‘ನಾನೂ ಕಾಲೇಜಲ್ಲಿ ನಾಟಕ ಮಾಡಿದವನೇ’.

ಅಮ್ಮನಿಗೆ ‘ಎರಡೇ ನಿಮಿಷ’ ಅಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಅವರು ಪೇಟ ತೆಗೆದು ಕುರ್ಚಿ ಮೇಲಿಟ್ಟು, ಯಾವುದೋ ಪೌರಾಣಿಕ ನಾಟಕದ ಮಾತು ಹೇಳಿದರು. ಕೊನೆಯ ಬೆಂಚಿನವರೆಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು. ಆದರೆ ಕೊನೆಯ ಬೆಂಚಿನಲ್ಲಿ ಯಾರಿದ್ದರು? ಆ ಹೊತ್ತಿಗೆ ಕಡಂಬಿಟ್ಟು, ಪಂದಿಕರಿ ವಾಸನೆ ಬಂದು ಅರ್ಧ ಸಭೆ ಎದ್ದು ತಟ್ಟೆ ಹಿಡಿದಿತ್ತು.

ಹಾಸ್ಯ ಮಾಡೋಣ ಅಂತಲೇ ಕೂತೆ. ಆಗುತ್ತಿಲ್ಲ. ಇದೇ ರಶ್ಮಿಕಾ ವಿಷಯ ತೆಗೆದುಕೊಳ್ಳಿ. ಅದೇ ವರ್ಷ ಮಾರ್ಚ್‌ನಲ್ಲಿ ಶಾಸಕರೊಬ್ಬರು ಈಕೆಗೆ ‘ಪಾಠ ಕಲಿಸಬೇಕು’ ಅಂದಾಗ, ಭದ್ರತೆ ಕೊಡಿ ಅಂತ ಕೊಡವ ನ್ಯಾಷನಲ್ ಕೌನ್ಸಿಲ್ ಸರ್ಕಾರಕ್ಕೆ ಪತ್ರ ಬರೆಯಬೇಕಾಯಿತು. ಆಗ ನಮ್ಮ ಮನೆ ಮಗಳು. ಜುಲೈನಲ್ಲಿ ಒಂದು ಮಾತು ತಪ್ಪಿದಳು, ಸುಳ್ಳಿ, ಜಂಬಗಾತಿ, ಬರೆಯಲಾಗದ ಇನ್ನೂ ಏನೇನೋ. ತಪ್ಪು ತಿದ್ದಲಿಕ್ಕೆ ಒಂದು ವಾಕ್ಯ ಸಾಕಿತ್ತು. ಬರೆದದ್ದು ಮಾತ್ರ ಆಕೆಯ ಬಟ್ಟೆ, ಆಕೆಯ ಮುರಿದ ನಿಶ್ಚಿತಾರ್ಥ, ಆಕೆಯ ಅಪ್ಪ ಅಮ್ಮ. ಪ್ರೇಮಾ ಹೆಸರು ಹೇಳಿದವರಲ್ಲಿ ಎಷ್ಟು ಜನಕ್ಕೆ ಪ್ರೇಮಾ ಬೇಕಿತ್ತು? ಕಲ್ಲು ಎಸೆಯೋಕೆ ಒಂದು ಹೆಸರು ಬೇಕಿತ್ತು, ಅಷ್ಟೇ. ನೂರು ವರ್ಷ ಹಿಂದೆ ಕಂಪನಿ ಟೆಂಟಿನ ಹೊರಗೆ ನಿಂತು ಬೈಯುತ್ತಿದ್ದ ಗುಂಪೇ ಇದು. ಆಗ ಟಿಕೆಟ್ ಆದರೂ ತಗೊಳ್ಳುತ್ತಿದ್ದರು.

ಉಳಿದವರ ಗತಿಯೂ ಅಷ್ಟೇ. ನಟಿ ಲೀಲಾವತಿ, ನಾಟಕ ಕಂಪನಿಯಿಂದ ಬಂದು 1960ರಲ್ಲಿ ‘ರಾಣಿ ಹೊನ್ನಮ್ಮ’ ಆದವರು. ನಾಯಕರು ನಾಯಕರಾಗಿಯೇ ಉಳಿದರು, ಇವರು ಅಮ್ಮನಾದರು, ಅತ್ತೆಯಾದರು, ಅಜ್ಜಿಯಾದರು. ಸೋಲದೇವನಹಳ್ಳಿಯಲ್ಲಿ ಜನರಿಗೆ ಆಸ್ಪತ್ರೆ ಕಟ್ಟಿಸಿದರು, ದನಕರುಗಳಿಗೂ ಕಟ್ಟಿಸಿದರು. ಅಷ್ಟಾದರೂ ಅವರು 2023ರ ಡಿಸೆಂಬರ್‌ನಲ್ಲಿ ಹೋಗುವವರೆಗೆ ಅವರ ಬಗ್ಗೆ ಊರು ಕೇಳಿದ ಪ್ರಶ್ನೆ ಅವರ ಮನೆಯೊಳಗಿನದ್ದೇ. ನಟಿಯ ಕೆಲಸದ ಬಗ್ಗೆ ಕೇಳಲು ನಮಗೆ ನಾಲಿಗೆಯೇ ತಿರುಗುವುದಿಲ್ಲ.

ಈಗ ನಮ್ಮಲ್ಲಿ ಮತ್ತೆ ಓಡಾಟ ಶುರುವಾಗಿದೆ. ಮೊದಲ ನಟಿಯನ್ನು ಗುರುತಿಸಿ ಸನ್ಮಾನ ಮಾಡಬೇಕಂತೆ. ಮುಖ್ಯ ಅತಿಥಿ ಯಾರು ಅಂತ ತೀರ್ಮಾನ ಆಗಿದೆ, ನಟಿ ಯಾರು ಅಂತ ಆಗಿಲ್ಲ. ಮಾಡಿ, ಬೇಡ ಅನ್ನಲ್ಲ. ಯಾರನ್ನಾದರೂ ಕರೆಯಿರಿ. ಆದರೆ ಬರುವಾಗ ಹೋಗುವಾಗ ಕಾರು ಕಳಿಸಿ, ಘಾಟಿ ರಸ್ತೆಯಲ್ಲಿ ವಯಸ್ಸಾದವರನ್ನು ಬಸ್ಸಿಗೆ ಹತ್ತಿಸಬೇಡಿ. ಕವರು ಅವತ್ತೇ ಕೈಗೆ ಕೊಡಿ, ‘ಚೆಕ್ ಕಳಿಸ್ತೀವಮ್ಮ’ ಅನ್ನಬೇಡಿ. ಮಾತಾಡಲು ಎರಡು ನಿಮಿಷ ಅತಿಥಿಗಳಿಗೆ ಕೊಡಿ, ಮುಕ್ಕಾಲು ಗಂಟೆ ಅವರಿಗೆ. ಮತ್ತೆ ಆ ಹಣ್ಣಿನ ಬುಟ್ಟಿ ದಯವಿಟ್ಟು ಬೇಡ. ಮೊದಲ ನಟಿ ಯಾರೇ ಆಗಲಿ, ಆ ವಯಸ್ಸಿಗೆ ಸಕ್ಕರೆ ಕಾಯಿಲೆ ಇದ್ದೇ ಇರುತ್ತದೆ.