ಪಬ್ಲಿಕ್ ಅಡ್ಜಸ್ಟರ್ ಸರ್ಕಾರದವರಲ್ಲ, ಪುಕ್ಕಟೆಯೂ ಅಲ್ಲ

"ಆಲಿಕಲ್ಲು ಮಳೆಗೆ ಮನೆ ಛಾವಣಿ ಹಾಳಾಯ್ತಾ? ಪಬ್ಲಿಕ್ ಅಡ್ಜಸ್ಟರ್‌ಗೆ ಹೇಳಿ. ಸರ್ಕಾರದವರು, ಪುಕ್ಕಟೆ." ಟೆಕ್ಸಾಸ್‌ನ ನಮ್ಮವರ ವಾಟ್ಸಾಪ್‌ಗಳಲ್ಲಿ ಈ ಮೆಸೇಜ್ ಓಡಾಡುತ್ತಿದೆ. ಪಬ್ಲಿಕ್ ಅಡ್ಜಸ್ಟರ್ ಅಂದರೆ ಮನೆ ಇನ್ಶೂರೆನ್ಸ್‌ನಿಂದ ಪರಿಹಾರ ಕೇಳುವ (ಕ್ಲೇಮ್) ಕೆಲಸವನ್ನು ಮನೆಯವರ ಪರವಾಗಿ ನೋಡಿಕೊಳ್ಳುವವರು. ಮೆಸೇಜ್‌ನ ಎರಡೂ ಮಾತು ತಪ್ಪು.

'ಪಬ್ಲಿಕ್' ಅಂದ ತಕ್ಷಣ ಸರ್ಕಾರಿ ಅನ್ನಿಸೋದು ಸಹಜ ಅಲ್ವಾ? ಆದರೆ ಇವರು ಖಾಸಗಿಯವರೇ. ಸರ್ಕಾರ ಕೊಡುವುದು ಲೈಸೆನ್ಸ್ ಮಾತ್ರ. ಛಾವಣಿ ಹತ್ತಿ, ಏಟು ಬಿದ್ದ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಫೋಟೋ ತೆಗೆದುಕೊಂಡು ಹೋಗುವ ಇನ್ಶೂರೆನ್ಸ್ ಅಡ್ಜಸ್ಟರ್‌ಗೆ ಸಂಬಳ ಕೊಡುವುದು ಇನ್ಶೂರೆನ್ಸ್ ಕಂಪನಿ. ಅದು ನಿಮಗೆ ಪುಕ್ಕಟೆ. ಪಬ್ಲಿಕ್ ಅಡ್ಜಸ್ಟರ್‌ ನಿಮ್ಮ ಪರವಾಗಿ ಕಂಪನಿ ಜೊತೆ ಮಾತಾಡುತ್ತಾರೆ, ಹಾಗಾಗಿ ದುಡ್ಡು ಕೊಡಬೇಕಾದವರು ನೀವೇ.

ಎಷ್ಟು? ಟೆಕ್ಸಾಸ್ ಕಾನೂನಿನಲ್ಲಿ ಕ್ಲೇಮ್‌ಗೆ ಕಂಪನಿ ಕೊಡುವ ಮೊತ್ತದ ಶೇ. 10ರ ಮಿತಿ ಇದೆ. 30,000 ಡಾಲರ್ ಬಂದರೆ 3,000 ಡಾಲರ್‌ವರೆಗೆ ಅವರ ಪಾಲು. ಛಾವಣಿ ರಿಪೇರಿಗೆ ಅಷ್ಟು ಕಮ್ಮಿ ಬೀಳುತ್ತದೆ! ಸಣ್ಣ ಪುಟ್ಟ ಕ್ಲೇಮ್‌ಗೆ ಇವರು ಬೇಡ ಅಂತಲೇ ನನ್ನ ಅಭಿಪ್ರಾಯ. ಮೊತ್ತ ದೊಡ್ಡದಿದ್ದು, ಕಂಪನಿ ತೀರಾ ಕಡಿಮೆ ಹೇಳಿದ್ದರೆ ಆ ಮಾತು ಬೇರೆ.

ಮೆಸೇಜ್‌ನ ಕೊನೆಯಲ್ಲಿ "ನಮ್ಮ ರೂಫರ್ರೇ ಎಲ್ಲಾ ಮಾತಾಡಿ ಕ್ಲೇಮ್ ಮಾಡಿಸಿಕೊಡುತ್ತಾರೆ" ಅಂತಲೂ ಇದೆ. ಅದಂತೂ ಕಾನೂನಿಗೆ ವಿರುದ್ಧ. ಛಾವಣಿ ಕೆಲಸ ಹಿಡಿದವರು ಅದೇ ಮನೆಗೆ ಅಡ್ಜಸ್ಟರ್ ಆಗುವಂತಿಲ್ಲ.

ಈಗಾಗಲೇ ಪಬ್ಲಿಕ್ ಅಡ್ಜಸ್ಟರ್ ಜೊತೆಗಿನ ಒಪ್ಪಂದಕ್ಕೆ ಸುಮ್ನೆ ಸಹಿ ಹಾಕಿದ್ದೀರಾ? ಸಹಿ ಹಾಕಿ 72 ಗಂಟೆ ಆಗಿಲ್ಲದಿದ್ದರೆ ಒಪ್ಪಂದ ರದ್ದು ಮಾಡಬಹುದು. ಬರವಣಿಗೆಯಲ್ಲೇ ತಿಳಿಸಿ, ಫೋನಲ್ಲಿ ಬೇಡ.